ಎಮಲ್ಷನ್ ಹಚ್ಚುವ ಮುನ್ನ

ಬಿಟಿಎಂ ಲೇಔಟಿನ ಪುಟ್ಟ ಮನೆಯಲ್ಲೇ ಟೀಶರ್ಟ್, ಬಟ್ಟೆಚೀಲ, ಆಹ್ವಾನಪತ್ರಿಕೆಗಳಿಗೆ ಸ್ಕ್ರೀನ್ ಪ್ರಿಂಟ್ ಮಾಡಹೊರಟ ಗೆಳೆಯರೇ, ಬೆಳಕಿಗೆ ಗಟ್ಟಿಯಾಗುವ ದ್ರವ ಎಮಲ್ಷನ್ ಬಳಸುವಾಗ ಅವಸರ ಬೇಡ.

ಮೊದಲು ಜಾಲರಿಯ ಜಿಡ್ಡನ್ನು ತೊಳೆದು ಪೂರ್ತಿ ಒಣಗಿಸಿ. ಹಳದಿ ಬಲ್ಬಿನ ಬೆಳಕಿನಲ್ಲಿ ಎರಡೂ ಬದಿಗೆ ತೆಳುವಾಗಿ, ಸಮನಾಗಿ ಹಚ್ಚಿ. ಅಚ್ಚೊತ್ತುವ ಮುಖ ಕೆಳಗಿರುವಂತೆ ಚೌಕಟ್ಟನ್ನು ಅಡ್ಡಲಾಗಿಟ್ಟು, ಕತ್ತಲಲ್ಲಿ ಫ್ಯಾನ್ ಹಾಕಿ. ಮಳೆಗಾಲದಲ್ಲಿ ಗಾಳಿಯಲ್ಲೇ ತೇವವಿರುತ್ತದೆ; ರಾತ್ರಿಯಿಡೀ ಒಣಗಲು ಬಿಡಿ. ಹಸಿ ಪದರ ಬೆಳಕಿಗೆ ಸರಿಯಾಗಿ ಗಟ್ಟಿಯಾಗದೆ, ತೊಳೆಯುವಾಗ ಚಿತ್ರದ ಸಮೇತ ಕಿತ್ತುಬರುತ್ತದೆ.

ಎಮಲ್ಷನ್ನನ್ನು ಗಟ್ಟಿ ಮಾಡುವುದು ನೇರಳಾತೀತ ಕಿರಣ. ತಾರಸಿಯ ಬಿಸಿಲಲ್ಲೂ ಅದು ಸಿಗುತ್ತದೆ, ಆದರೆ ಮೋಡ ಕವಿದರೆ ಲೆಕ್ಕ ತಪ್ಪುತ್ತದೆ. ಸಣ್ಣ ಚೌಕಟ್ಟಿನಲ್ಲಿ ಬೆಳಕಿಗೊಡ್ಡುವ ಬೇರೆಬೇರೆ ಅವಧಿಗಳನ್ನು ಪರೀಕ್ಷಿಸಿ ಬರೆದಿಟ್ಟುಕೊಳ್ಳಿ. ಬೆಳಕು ಕಡಿಮೆಯಾದರೆ ಪದರ ಕರಗಿಹೋಗುತ್ತದೆ. ಹೆಚ್ಚಾದರೆ ಸೂಕ್ಷ್ಮ ಗೆರೆಗಳು ತೆರೆದುಕೊಳ್ಳುವುದಿಲ್ಲ. ಜಾಲರಿಯ ಆಯ್ಕೆಯೂ ಮುಖ್ಯ: ಬಟ್ಟೆಗೆ ಸೆಂಟಿಮೀಟರಿಗೆ ಸುಮಾರು 43 ಎಳೆಯ ಜಾಲರಿ ಸಾಕು. ಕಾಗದದ ಮೇಲಿನ ಸಣ್ಣ ಅಕ್ಷರಕ್ಕೆ 77 ಅಥವಾ ಹೆಚ್ಚು ಬೇಕು.

ಬೆಳಕಿಗೆ ಸ್ಪಂದಿಸುವ ಡಯಾಜೋ ಬೆರೆಸಿದ ಎಮಲ್ಷನ್ ಡಬ್ಬಿಯ ಮೇಲೆ ದಿನಾಂಕ ಬರೆದು, ಮಕ್ಕಳ ಕೈಗೆಟುಕದಂತೆ ತಂಪಿನಲ್ಲಿಡಿ. ಕೈಗವಸು ಮರೆಯದಿರಿ. ಮಡಿವಾಳ ಕೆರೆ ನಿಮ್ಮ ನೆರೆಯಲ್ಲೇ ಇದೆ. ಶಾಯಿ, ಎಮಲ್ಷನ್ ತೊಳೆದ ನೀರನ್ನು ಮಳೆನೀರು ಚರಂಡಿಗೆ ದಯವಿಟ್ಟು ಸುರಿಯಬೇಡಿ.