ದಿನಾ ಮಾಡ್ತೀನಿ: ಇಂಗ್ಲಿಷ್‌ನಲ್ಲಿ ಯಾವ ಟೆನ್ಸ್?

ಕಳೆದ ತಿಂಗಳು ಒಂದು ಮಾಕ್ ಇಂಟರ್‌ವ್ಯೂನಲ್ಲಿ "ಬಿಡುವಿದ್ದಾಗ ಏನು ಮಾಡ್ತೀರಾ?" ಅಂತ ಇಂಗ್ಲಿಷ್‌ನಲ್ಲಿ ಕೇಳಿದ್ರು. ನಾನು ಧೈರ್ಯವಾಗಿ "ಐ ಯೂಸ್ಡ್ ಟು ಪ್ರಾಕ್ಟೀಸ್ ಕೋಡಿಂಗ್ ಎವ್ರಿ ಡೇ" ಅಂದೆ. ಅವರು ತಲೆ ಎತ್ತಿ ನೋಡಿ, "ವೈ ಡಿಡ್ ಯು ಸ್ಟಾಪ್?" ಅಂದ್ರು. ನಾನು ನಿಲ್ಲಿಸೇ ಇರಲಿಲ್ಲ! ಹಿಂದಿನ ರಾತ್ರಿ ಕೂಡ ಕೂತು ಮಾಡಿದ್ದೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ್ರೂ ಇದು ತಪ್ಪು ಅಂತ ಅವತ್ತಿನವರೆಗೂ ಗೊತ್ತಿರಲಿಲ್ಲ.

ಆಮೇಲೆ ಯೋಚನೆ ಮಾಡಿದಾಗ ಅನ್ನಿಸಿದ್ದು ಇಷ್ಟು: ನಾವು ಮನಸ್ಸಲ್ಲಿ ಕನ್ನಡದ ಕ್ರಿಯಾಪದ ಇಟ್ಕೊಂಡು ಇಂಗ್ಲಿಷ್ ಮಾತಾಡ್ತೀವಿ. ಕನ್ನಡದಲ್ಲಿ ಒಂದೇ ರೂಪ ಮಾಡೋ ಕೆಲಸವನ್ನ ಇಂಗ್ಲಿಷ್ ಎರಡು ಮೂರು ರೂಪಗಳಿಗೆ ಹಂಚಿದೆ. ಆ ಹಂಚಿಕೆ ತಿಳ್ಕೊಂಡ್ರೆ ಅರ್ಧ ಗೊಂದಲ ಹೋಗುತ್ತೆ.

1. ಈಗಲೂ ಇರೋ ಅಭ್ಯಾಸ

"ದಿನಾ ಬಸ್ಸಲ್ಲಿ ಬರ್ತೀನಿ", "ನಾಳೆ ಬಸ್ಸಲ್ಲಿ ಬರ್ತೀನಿ". ಕನ್ನಡದಲ್ಲಿ ಎರಡಕ್ಕೂ "ಬರ್ತೀನಿ" ಸಾಕು. ಇಂಗ್ಲಿಷ್‌ನಲ್ಲಿ ನಾಳೆಯದಕ್ಕೆ "ಐ ವಿಲ್ ಕಮ್", ದಿನದ ಅಭ್ಯಾಸಕ್ಕೆ ಸಿಂಪಲ್ ಪ್ರೆಸೆಂಟ್: "ಐ ಕಮ್ ಬೈ ಬಸ್ ಎವ್ರಿ ಡೇ". ಹೀ, ಶೀ, ಇಟ್ ಬಂದ್ರೆ ಕೊನೆಗೆ "ಎಸ್" ಸೇರಿಸಬೇಕು: "ಶೀ ಕಮ್ಸ್". "ಐ ಆಮ್ ಕಮಿಂಗ್ ಬೈ ಬಸ್ ಡೈಲಿ" ಅಂತ ಕ್ಯಾಂಪಸ್‌ನಲ್ಲಿ ತುಂಬಾ ಕೇಳ್ತೀವಿ. ಕಾಯಂ ಅಭ್ಯಾಸಕ್ಕೆ ಅದು ಸರಿಯಲ್ಲ.

"ಅಲ್ಲ" ಅನ್ನೋ ಕಡೆ ಇನ್ನೂ ಹುಷಾರಾಗಿರಬೇಕು. "ನಾನು ಕಾಫಿ ಕುಡಿಯಲ್ಲ" ಅಂದ್ರೆ "ಐ ಡೋಂಟ್ ಡ್ರಿಂಕ್ ಕಾಫಿ". "ಐ ಆಮ್ ನಾಟ್ ಡ್ರಿಂಕಿಂಗ್ ಕಾಫಿ" ಅಂದ್ರೆ ಸದ್ಯಕ್ಕೆ ಕುಡೀತಾ ಇಲ್ಲ ಅಂತ ಅರ್ಥ.

2. ಸ್ವಲ್ಪ ದಿನದ ಅಭ್ಯಾಸ

ಹಾಗಂತ "ಐಎನ್‌ಜಿ" ರೂಪ ಅಭ್ಯಾಸಕ್ಕೆ ಬರೋದೇ ಇಲ್ಲ ಅಂತಲ್ಲ. ಅಭ್ಯಾಸ ತಾತ್ಕಾಲಿಕ ಆಗಿದ್ರೆ ಅದೇ ಸರಿ. ಹಾಸ್ಟೆಲ್ ರಿಪೇರಿ ಆಗೋವರೆಗೂ ಮಾವನ ಮನೆಯಲ್ಲಿದ್ರೆ "ಐ ಆಮ್ ಸ್ಟೇಯಿಂಗ್ ವಿತ್ ಮೈ ಅಂಕಲ್ ದಿಸ್ ಮಂತ್". ಕಿರಿಕಿರಿ ಹೇಳೋಕೂ ಇದು ಬರುತ್ತೆ: "ಹೀ ಈಸ್ ಆಲ್ವೇಸ್ ಬಾರೋಯಿಂಗ್ ಮೈ ಕ್ಯಾಲ್ಕ್ಯುಲೇಟರ್". ಅಂದ್ರೆ, ಯಾವಾಗ ನೋಡಿದ್ರೂ ನನ್ನ ಕ್ಯಾಲ್ಕ್ಯುಲೇಟರ್ ಇಸ್ಕೋತಾನೇ ಇರ್ತಾನೆ!

3. ಬಿಟ್ಟುಹೋದ ಅಭ್ಯಾಸ

"ಚಿಕ್ಕ ವಯಸ್ಸಲ್ಲಿ ಚೆಸ್ ಆಡ್ತಿದ್ದೆ", "ನೀನು ಫೋನ್ ಮಾಡಿದಾಗ ಚೆಸ್ ಆಡ್ತಿದ್ದೆ". ಇಲ್ಲೂ ಕನ್ನಡಕ್ಕೆ ಒಂದೇ ರೂಪ. ಇಂಗ್ಲಿಷ್‌ನಲ್ಲಿ ಮೊದಲನೆಯದು "ಐ ಯೂಸ್ಡ್ ಟು ಪ್ಲೇ ಚೆಸ್", ಎರಡನೆಯದು "ಐ ವಾಸ್ ಪ್ಲೇಯಿಂಗ್ ಚೆಸ್".

ನನ್ನ ಎಡವಟ್ಟು ಆಗಿದ್ದು ಇಲ್ಲೇ. "ಯೂಸ್ಡ್ ಟು" ಅಂದ್ರೆ ಅಭ್ಯಾಸ ಅಂತ ಬಾಯಿಪಾಠ ಮಾಡಿದ್ದೆ. "ಹಿಂದೆ ಇತ್ತು, ಈಗಿಲ್ಲ" ಅನ್ನೋ ಭಾಗ ಬಿಟ್ಟಿದ್ದೆ. ಕೋಡ್ ಬರೆಯೋರಿಗೆ ಹೇಳೋದಾದ್ರೆ, ಸಿಂಪಲ್ ಪ್ರೆಸೆಂಟ್ ಅಂದ್ರೆ ಪ್ರೋಗ್ರಾಂನಲ್ಲಿ ಇರೋ ಲೂಪ್. "ಯೂಸ್ಡ್ ಟು" ಅಂದ್ರೆ ಕಾಮೆಂಟ್ ಮಾಡಿಟ್ಟ ಲೂಪ್.

ಹಿಂದೆ ಮತ್ತೆ ಮತ್ತೆ ಮಾಡಿದ ಕೆಲಸಕ್ಕೆ "ವುಡ್" ಕೂಡ ಬಳಸಬಹುದು: "ಎವ್ರಿ ಸಮ್ಮರ್ ವಿ ವುಡ್ ಗೋ ಟು ಅವರ್ ವಿಲೇಜ್". ಆದ್ರೆ ಸ್ಥಿತಿಗೆ ಬರಲ್ಲ. "ಇಲ್ಲಿ ಮೊದಲು ಕೆರೆ ಇತ್ತು" ಅನ್ನೋಕೆ "ದೇರ್ ಯೂಸ್ಡ್ ಟು ಬಿ ಎ ಲೇಕ್ ಹಿಯರ್" ಅಂತಾನೇ ಹೇಳಬೇಕು.

ಇನ್ನೊಂದು ಜೋಡಿ ನೆನಪಿರಲಿ. "ಐ ಆಮ್ ಯೂಸ್ಡ್ ಟು ವೇಕಿಂಗ್ ಅಪ್ ಅರ್ಲಿ" ಅಂದ್ರೆ ಬೇಗ ಏಳೋದು ನನಗೆ ರೂಢಿಯಾಗಿದೆ. "ಆಮ್" ಬಿಟ್ಟು "ಐ ಯೂಸ್ಡ್ ಟು ವೇಕ್ ಅಪ್ ಅರ್ಲಿ" ಅಂದ್ರೆ ಈಗ ಏಳಲ್ಲ!

4. ಅವತ್ತಿಂದ ಇವತ್ತಿನವರೆಗೆ

"ಎರಡು ವರ್ಷದಿಂದ ಕಲೀತಾ ಇದೀನಿ" ಅನ್ನೋದನ್ನ "ಐ ಆಮ್ ಲರ್ನಿಂಗ್ ಸಿನ್ಸ್ ಟೂ ಇಯರ್ಸ್" ಅಂತೀವಿ. ಸರಿಯಾದ್ದು "ಐ ಹ್ಯಾವ್ ಬೀನ್ ಲರ್ನಿಂಗ್ ಫಾರ್ ಟೂ ಇಯರ್ಸ್". ಎಷ್ಟು ಕಾಲ ಅನ್ನೋದಕ್ಕೆ "ಫಾರ್", ಯಾವಾಗಿಂದ ಅನ್ನೋದಕ್ಕೆ "ಸಿನ್ಸ್".

ನೀವೇ ಮಾಡಿ ನೋಡಿ

ಅ. ಅಪ್ಪ ಸಕ್ಕರೆ ತಿನ್ನಲ್ಲ.
ಆ. ಲಿಫ್ಟ್ ಕೆಟ್ಟಿದೆ, ಈ ವಾರ ಮೆಟ್ಟಿಲು ಹತ್ತಿ ಬರ್ತಾ ಇದೀವಿ.
ಇ. ಮೊದಲು ಲ್ಯಾಬ್ ರೆಕಾರ್ಡ್ ಕೊನೇ ದಿನ ಬರೀತಿದ್ದೆ, ಈಗ ವಾರಾವಾರ ಬರೀತೀನಿ.

ಉತ್ತರ: ಮೊದಲನೆಯದಕ್ಕೆ "ಡಸಂಟ್ ಈಟ್". ಎರಡನೆಯದಕ್ಕೆ "ಆರ್ ಟೇಕಿಂಗ್ ದ ಸ್ಟೇರ್ಸ್". ಮೂರನೆಯದಕ್ಕೆ ಮೊದಲು "ಯೂಸ್ಡ್ ಟು ರೈಟ್", ಆಮೇಲೆ "ನೌ ಐ ರೈಟ್".

ಬಾಯಿ ತೆರೆಯೋ ಮೊದಲು ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಈ ಅಭ್ಯಾಸ ಈಗಲೂ ಇದೆಯಾ, ಸ್ವಲ್ಪ ದಿನಕ್ಕಾ, ಬಿಟ್ಟುಹೋಯ್ತಾ? ಮುಂದಿನ ಸಲ ಅದೇ ಪ್ರಶ್ನೆ ಬಂದ್ರೆ ನನ್ನ ಉತ್ತರ ರೆಡಿ ಇದೆ: "ಐ ಪ್ರಾಕ್ಟೀಸ್ ಕೋಡಿಂಗ್ ಎವ್ರಿ ಡೇ. ಐ ಹ್ಯಾವ್ ಬೀನ್ ಡೂಯಿಂಗ್ ಇಟ್ ಸಿನ್ಸ್ ಫಸ್ಟ್ ಇಯರ್."