ಉಣ್ಣುವವನ ನಾಲಗೆ ಮತ್ತು ಗ್ರಾಮಸಭೆ

ರಾಜ್ಯವನ್ನಾಳತಕ್ಕವರು ಬಲ್ಲವರೋ, ಬಹುಜನರೋ? ಗ್ರೀಸ್ ದೇಶದ ಈ ಹಳೆಯ ವಿವಾದ ನಮ್ಮ ಪಂಚಾಯತಿಗಳಲ್ಲಿ ಇಂದಿಗೂ ತೀರಿಲ್ಲ. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ರಾಜ್ಯವನ್ನು ಹಡಗಿಗೆ ಹೋಲಿಸಿ, ನೌಕಾವಿದ್ಯೆಯನ್ನರಿಯದವರು ಚುಕ್ಕಾಣಿಗಾಗಿ ಕಚ್ಚಾಡುವುದನ್ನು ಚಿತ್ರಿಸುತ್ತಾನೆ. ಆತನ ಶಿಷ್ಯ ಅರಿಸ್ಟಾಟಲನು ‘ಪಾಲಿಟಿಕ್ಸ್’ ಗ್ರಂಥದಲ್ಲಿ ಕೊಡುವ ಉತ್ತರವೇ ಬೇರೆ: ಮನೆಯ ಗುಣದೋಷವನ್ನು ಕಟ್ಟಿದವನಿಗಿಂತ ವಾಸಿಸುವವನು ಬಲ್ಲ, ಊಟದ ರುಚಿಯನ್ನು ಅಡಿಗೆಯವನಿಗಿಂತ ಉಣ್ಣುವವನು ಬಲ್ಲ. ಜೋಳದ ರೊಟ್ಟಿಯ ನಾಡಿನವರಾದ ನಮಗೆ ಇದಕ್ಕೆ ವ್ಯಾಖ್ಯಾನ ಬೇಡ. ಆದರೆ ಅಥೆನ್ಸಿನ ಆ ಪಂಕ್ತಿಯಲ್ಲಿ ಸ್ತ್ರೀಯರಿಗೂ ದಾಸರಿಗೂ ಎಲೆಯಿರಲಿಲ್ಲ.

ಕರ್ನಾಟಕವು ಪಂಕ್ತಿಯನ್ನು ವಿಸ್ತರಿಸಿತು. 1983ರ ಶಾಸನದ ಮೇರೆಗೆ, ಅಬ್ದುಲ್ ನಜೀರ್ ಸಾಬರ ಶ್ರಮದಿಂದ, 1987ರ ಚುನಾವಣೆಯಲ್ಲಿ ಶೇಕಡಾ 25 ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ಈಗ ಅದು ಅರ್ಧ. ಅಧ್ಯಕ್ಷ ಪದವಿಯ ಮೀಸಲಾತಿಯೂ ಸರದಿಯಂತೆ ಸುತ್ತುತ್ತದೆ. ಆಳುವುದನ್ನೂ ಆಳಿಸಿಕೊಳ್ಳುವುದನ್ನೂ ಬಲ್ಲವನೇ ಒಳ್ಳೆಯ ನಾಗರಿಕನೆಂಬ ತತ್ತ್ವ ಅರಿಸ್ಟಾಟಲನದೇ. (ಸ್ತ್ರೀಯರೂ ಆಳಬಲ್ಲರೆಂದು ಒಪ್ಪಿದವನು ಮಾತ್ರ ಶಿಷ್ಯನಲ್ಲ, ಗುರು!)

ಕೊರತೆಯಿರುವುದು ಗ್ರಾಮಸಭೆಯಲ್ಲಿ. 1993ರ ಕಾಯಿದೆಯು ಅದನ್ನು ಆರು ತಿಂಗಳಿಗೊಮ್ಮೆಯಾದರೂ ಸೇರಿಸಬೇಕೆನ್ನುತ್ತದೆ. ಇಂಡಿ, ಚಡಚಣಗಳ ಸೀಮೆಯ ಬೇಸಿಗೆಯ ನೀರಿನ ಬವಣೆಯನ್ನು ಕೊಡ ಹೊತ್ತವಳಷ್ಟು ಬಲ್ಲ ಇಂಜಿನಿಯರನಿಲ್ಲ. ಆಕೆ ಬಾಯಿ ತೆರೆಯದೆ, ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟೊತ್ತಿ ಹಿಂದಿರುಗಿದರೆ ಕಾಯಿದೆಯ ಅಕ್ಷರ ಪಾಲನೆಯಾಯಿತು, ಅಷ್ಟೇ. ನಳದ ಕಾಮಗಾರಿ ಚೆನ್ನಾಯಿತೋ ಇಲ್ಲವೋ ಎಂಬಲ್ಲಿ ಗುತ್ತಿಗೆದಾರನಿಗಿಂತ ಮೊದಲು ಆಕೆಯ ಮಾತು ಕೇಳಬೇಕು. ಹಾಗೆಂದು ಪ್ಲೇಟೋವಿನ ಆಕ್ಷೇಪ ಪೂರ್ತಿ ಸುಳ್ಳಲ್ಲ. ಲೆಕ್ಕಪತ್ರ ಓದುವ ವಿದ್ಯೆ ಬೇಕೇ ಬೇಕು. ಅದನ್ನು ಕಲಿಸುವ ಹೊಣೆ ಶಾಲೆಗಳದು. ಹತ್ತನೆಯ ತರಗತಿಯವರನ್ನು ಒಮ್ಮೆ ಗ್ರಾಮಸಭೆಗೆ ಕರೆದೊಯ್ದು, ಅಲ್ಲಿ ಓದಿದ ಜಮಾಖರ್ಚನ್ನು ಮರುದಿನ ಕಪ್ಪು ಹಲಗೆಯ ಮೇಲೆ ಬಿಡಿಸಿ ತೋರಿಸಬಹುದು.