ಮನೆಯ ಬಾತುಕೋಳಿ ತತ್ತಿ: ಹೊಟ್ಟೆ ಕೆಡುವುದೇಕೆ?

ಕಳೆದ ಮಳೆಗಾಲದಲ್ಲಿ ಆಡಕಿಯ ತಾಯಿಯೊಬ್ಬರು ಏಳು ವರ್ಷದ ಮಗನನ್ನು ಕರೆದುಕೊಂಡು ದವಾಖಾನೆಗೆ ಬಂದರು. ಜ್ವರದಿಂದ ಚೇತರಿಸಿಕೊಳ್ಳುತ್ತಿದ್ದ ಹುಡುಗನಿಗೆ ಶಕ್ತಿ ಬರಲೆಂದು ದಿನಾ ಒಂದು ಬಾತುಕೋಳಿ ತತ್ತಿಯನ್ನು ಅರ್ಧ ಬೇಯಿಸಿ ತಿನ್ನಿಸಿದ್ದರು. ಮೂರನೇ ದಿನ ವಾಂತಿ, ಭೇದಿ, ಮತ್ತೆ ಜ್ವರ. “ಅಂಗಡೀದಲ್ರೀ ಹಕೀಮ್ ಸಾಬ್, ಮನಿ ತತ್ತೀನೇ. ಅರ್ಧ ಬೇಯ್ಸಿ ಕೊಡ್ರಿ ಅಂತ ನೀವೇ ಹೇಳಿದ್ರಲ್ರೀ” ಎಂದರು.

ಹೌದು, ನಾನೇ ಹೇಳಿದ್ದೆ. ರೋಗದಿಂದ ಎದ್ದವರಿಗೆ ‘ನೀಮ್‌ಬಿರಿಷ್ಟ್’, ಅಂದರೆ ಅರ್ಧ ಬೆಂದ ತತ್ತಿ ಕೊಡುವುದು ಯುನಾನಿಯ ಹಳೆಯ ಪದ್ಧತಿ. ಆದರೆ ಅದು ಕೋಳಿ ತತ್ತಿಯ ಮಾತು. ಅದನ್ನು ನಾನು ಬಿಡಿಸಿ ಹೇಳಿರಲಿಲ್ಲ. ಹುಡುಗ ಗುಣವಾದ. ಆ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಕಾರಣಗಳು ಮೂರು

ಒಂದು, ಜಡತ್ವ. ಕೋಳಿ ತತ್ತಿ ಸುಮಾರು 50 ಗ್ರಾಂ ಇದ್ದರೆ ಬಾತುಕೋಳಿಯದು ಸುಮಾರು 70 ಗ್ರಾಂ. ಹಳದಿ ಭಾಗ ದೊಡ್ಡದು, ಕೊಬ್ಬು ಹೆಚ್ಚುಕಡಿಮೆ ಎರಡು ಪಟ್ಟು. ದುರ್ಬಲ ಹೊಟ್ಟೆಗೆ ಇದು ಭಾರ. ತಿಂದ ಎರಡು ಮೂರು ತಾಸಿನಲ್ಲಿ ಹೊಟ್ಟೆ ಉಬ್ಬರ, ಹುಳಿತೇಗು, ಓಕರಿಕೆ ಬರುತ್ತದೆ, ಜ್ವರ ಇರುವುದಿಲ್ಲ. ಇದನ್ನು ನಾವು ‘ಸೂ-ಎ-ಹಜ್ಮ್’ ಎನ್ನುತ್ತೇವೆ.

ಎರಡು, ಸಾಲ್ಮೊನೆಲ್ಲಾ ಎಂಬ ರೋಗಾಣು. ತಿಂದ 6ರಿಂದ 72 ತಾಸಿನೊಳಗೆ ಹೊಟ್ಟೆನೋವು, ಭೇದಿ, ಜ್ವರ ಶುರುವಾಗುತ್ತದೆ. 2010ರಲ್ಲಿ ಇಂಗ್ಲೆಂಡಿನಲ್ಲಿ ಬಾತುಕೋಳಿ ತತ್ತಿಯಿಂದಲೇ ಈ ಕಾಯಿಲೆ ಹಲವರಿಗೆ ಹರಡಿತ್ತು. ಬಾತುಕೋಳಿ ಕೆಸರು, ಹಿಕ್ಕೆ ಎನ್ನದೆ ನೆಲದ ಮೇಲೆಯೇ ತತ್ತಿ ಇಡುತ್ತದೆ. ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ರೋಗಾಣು ಒಳಗೆ ಇಳಿಯುತ್ತದೆ. ಹಕ್ಕಿ ಆರೋಗ್ಯವಾಗಿ ಕಂಡರೂ ಅದರ ಕರುಳಿನಲ್ಲಿ ರೋಗಾಣು ಇರಬಹುದು. ‘ಮನೆಯದು, ತಾಜಾ’ ಎಂಬುದು ರಕ್ಷಣೆಯಲ್ಲ.

ಮೂರು, ಅಲರ್ಜಿ. ತಿಂದ ಕೆಲವೇ ನಿಮಿಷಗಳಲ್ಲಿ ಅಥವಾ ಒಂದೆರಡು ತಾಸಿನಲ್ಲಿ ಮೈಮೇಲೆ ದದ್ದು, ತುಟಿ ಊತ, ವಾಂತಿ ಆಗುತ್ತದೆ. ಅಂಥವರು ತತ್ತಿ ಬಿಡಬೇಕು. ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲಿ ಏನು ಮಾಡಬೇಕು?

ಬಾತುಕೋಳಿ ಹೆಚ್ಚಾಗಿ ನಸುಕಿನಲ್ಲಿ ತತ್ತಿ ಇಡುತ್ತದೆ. ರಾತ್ರಿ ಗೂಡಿನಲ್ಲಿ ಒಣ ತೊಗರಿ ಹೊಟ್ಟು ಹರಡಿ ಕೂಡಿಹಾಕಿ, ಬೆಳಗ್ಗೆ ಎಂಟರ ಹೊತ್ತಿಗೆ ಬಿಡಿ. ತತ್ತಿ ಒಣ ನೆಲದಲ್ಲಿ ಸಿಗುತ್ತದೆ. ಕೆಸರು ಮೆತ್ತಿದ, ಬಿರುಕು ಬಿಟ್ಟ ತತ್ತಿ ತಿನ್ನಬೇಡಿ. ತತ್ತಿಯನ್ನು ತಣ್ಣೀರಿನಲ್ಲಿ ನೆನೆಸಿ ತೊಳೆದು ಇಡಬೇಡಿ, ಹೊಲಸು ಒಳಗೆ ಹೋಗುತ್ತದೆ. ಒಣಬಟ್ಟೆಯಿಂದ ಒರೆಸಿ ತಂಪಾದ ಜಾಗದಲ್ಲಿಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುವಾಗ ಎರಡು ಮೂರು ದಿನದಲ್ಲೇ ಬಳಸಿಬಿಡಿ.

ನೀರು ಕುದಿಯತೊಡಗಿದ ಮೇಲೆ 12ರಿಂದ 15 ನಿಮಿಷ ಬೇಯಿಸಿ. ಬಿಳಿ, ಹಳದಿ ಎರಡೂ ಗಟ್ಟಿಯಾಗಬೇಕು. ಖಾಗೀನಾ ಮಾಡಿದರೂ ಹಸಿ ಉಳಿಯಬಾರದು. ಹಸಿ ತತ್ತಿಯನ್ನು ಹಾಲಿಗೆ ಬೆರೆಸಿ ಕುಡಿಸುವ ರೂಢಿ ಬಿಡಿ. ತತ್ತಿ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ. ವುಜೂವಿನ ನೀರು ಪಾಕ್ ಆಗಿರಲೆಂದು ನೋಡಿಕೊಳ್ಳುವ ನಾವು, ಕುಡಿಯುವ ನೀರಿನ ಕೊಡಕ್ಕೆ ಬಾತುಕೋಳಿ ಮೂತಿ ಹಾಕದಂತೆಯೂ ನೋಡಿಕೊಳ್ಳಬೇಕು.

ಹೊಟ್ಟೆ ಕೆಟ್ಟರೆ

ಬರೀ ಅಜೀರ್ಣವಾದರೆ ಒಂದು ಹೊತ್ತು ಊಟ ಬಿಟ್ಟು, ಜೀರಿಗೆ ಅಥವಾ ಬಡೇಸೋಪು ಕುದಿಸಿದ ನೀರು ಕುಡಿಯಿರಿ. ಜವಾರಿಷ್ ಕಮೂನಿಯನ್ನು ಹಕೀಮರನ್ನು ಕೇಳಿಯೇ ತೆಗೆದುಕೊಳ್ಳಿ.

ಭೇದಿಯಾದರೆ ಮೊದಲ ಔಷಧ ಓಆರ್‌ಎಸ್. ಒಂದು ಲೀಟರ್ ಪ್ಯಾಕೆಟ್ ಎಂದು ಬರೆದಿದ್ದನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಿ, ಗುಟುಕು ಗುಟುಕಾಗಿ ಕುಡಿಸಿ. ಅದು ಇಲ್ಲದಿದ್ದರೆ ಅಷ್ಟೇ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎದೆಹಾಲು ನಿಲ್ಲಿಸಬೇಡಿ. ಭೇದಿ ಕಟ್ಟುವ ಗುಳಿಗೆಯನ್ನು ಮಕ್ಕಳಿಗೆ ನೀವಾಗಿ ಕೊಡಬೇಡಿ.

ಮಲದಲ್ಲಿ ರಕ್ತ, ಹೆಚ್ಚು ಜ್ವರ, ಕುಡಿದದ್ದೆಲ್ಲ ವಾಂತಿ, ಮೂತ್ರ ಕಡಿಮೆ, ಒಳಸೇರಿದ ಕಣ್ಣು ಕಂಡರೆ ತಡಮಾಡದೆ ಸೇಡಂನ ಆಸ್ಪತ್ರೆಗೆ ಕರೆದೊಯ್ಯಿರಿ. ಹಸುಗೂಸು, ಗರ್ಭಿಣಿ, ವೃದ್ಧರಲ್ಲಿ ಇಷ್ಟಕ್ಕೂ ಕಾಯಬೇಡಿ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಆ ಹೊತ್ತಿನಲ್ಲಿ ಮಾಜೂನ್ ಹುಡುಕುತ್ತ ಕೂರುವುದು ಅಪಾಯ.

ಬಾತುಕೋಳಿ ತತ್ತಿ ಹಲಾಲ್, ಪೌಷ್ಟಿಕ ಆಹಾರ. ಆರೋಗ್ಯವಂತರು ಚೆನ್ನಾಗಿ ಬೇಯಿಸಿ, ಮಿತವಾಗಿ ತಿನ್ನಲಿ. ರೋಗದಿಂದ ಎದ್ದ ಮಗುವಿಗೆ ಸದ್ಯಕ್ಕೆ ಗಂಜಿ, ಹೆಸರುಬೇಳೆ ಕಿಚಡಿ ಸಾಕು.